ರವೆ ತುಂಬಿದ ತೋಟಾ

ಸಿಟಿವೆಸ್ಟ್, ಡಬ್ಲಿನ್
14 ಅಕ್ಟೋಬರ್ 2024

ಶ್ರೀಯುತ ಸತ್ಯಪ್ರಕಾಶ್ ಅವರಿಗೆ,

ತೆರೆ ಏಳುವ ಮುಂಚೆ ಮೂರು ಸಲ ಗಂಟೆ ಬಾರಿಸುವುದು ನಮ್ಮ ಪದ್ಧತಿ. ಮೊದಲನೆಯ ಗಂಟೆ: ಬರೆಯುತ್ತಿರುವವನು ಗುಲಾಮ್ ನಬಿ. ಎರಡನೆಯದು: ಅವನಿನ್ನೂ ಬದುಕಿದ್ದಾನೆ, ಅವನ ಗಂಟಲೂ ಬದುಕಿದೆ. ಮೂರನೆಯದು: ಅವನಿಗೆ ನಿಮ್ಮಿಂದ ಒಂದು ಉಪಕಾರ ಆಗಬೇಕು.

ತೆರೆ ಎದ್ದಿತು!

ಇಪ್ಪತ್ತೇಳು ವರ್ಷ ಮಾತು ಬಿಟ್ಟವರು ಒಮ್ಮೆಗೇ ಫೋನ್ ಮಾಡಬಾರದು. ಇಬ್ಬರೂ ಒಟ್ಟಿಗೆ ಮಾತಾಡುತ್ತೇವೆ, ಆಮೇಲೆ ಒಟ್ಟಿಗೆ ಸುಮ್ಮನಾಗುತ್ತೇವೆ. ಕಾಗದದಲ್ಲಾದರೆ ಒಬ್ಬನ ಪ್ರವೇಶ ಮುಗಿಯದೆ ಇನ್ನೊಬ್ಬ ರಂಗಕ್ಕೆ ಬರುವಂತಿಲ್ಲ. ಅದಕ್ಕೇ ಈ ಲಕೋಟೆ.

ನೀವು ಈ ದೇಶದಲ್ಲೇ, ರೈಲಿನಲ್ಲಿ ಎರಡೂವರೆ ಗಂಟೆಯ ದೂರದಲ್ಲಿ ಇದ್ದೀರಿ ಎಂಬುದು ನನಗೆ ಹೋದ ತಿಂಗಳವರೆಗೂ ತಿಳಿದಿರಲಿಲ್ಲ. ನನ್ನ ಮಗಳು ಫರ್ಹಾ ಗ್ರ್ಯಾಂಡ್ ಕೆನಾಲ್ ಡಾಕ್‌ನ ಒಂದು ಆಫೀಸಿನಲ್ಲಿದ್ದಾಳೆ. ಅವಳ ಪಕ್ಕದ ಮೇಜಿಗೆ ನಿಖಿತಾ ಎಂಬ ಹುಡುಗಿ ಬಂದಳಂತೆ. "ನಮ್ಮಪ್ಪ ಕಾರ್ಕ್‌ನಲ್ಲಿ, ಡಗ್ಲಸ್‌ನಲ್ಲಿ ಇದಾರೆ, ರಿಟೈರ್ ಆದ್ಮೇಲೆ ಶೂಟಿಂಗ್ ಕ್ಲಬ್‌ನೋರ ತೋಟಾ ಮೆಷಿನ್ ರಿಪೇರಿ ಮಾಡ್ತಾ ಕೂತಿರ್ತಾರೆ" ಎಂದು ಫೋಟೊ ತೋರಿಸಿದಳಂತೆ. ಫರ್ಹಾ ಅದನ್ನು ನನಗೆ ತೋರಿಸಿದಳು. ತಲೆಯಲ್ಲಿ ಕೂದಲಿಲ್ಲ, ಮುಖದಲ್ಲಿ ಮಾಂಸವಿಲ್ಲ. ಆದರೆ ಸ್ಕ್ರೂಡ್ರೈವರನ್ನು ಪೆನ್ನಿನ ಹಾಗೆ ಹಿಡಿಯುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ.

ಈಗ ಯಂತ್ರದ ಕಥೆ. ನಾನು ಭಾನುವಾರಗಳಂದು ಇಲ್ಲಿಯ ಒಂದು ಸಣ್ಣ ಕ್ಲಬ್ಬಿನಲ್ಲಿ ಮಣ್ಣಿನ ಬಿಲ್ಲೆ ಹೊಡೆಯುತ್ತೇನೆ. ಕೋವಿ ಹಿಡಿದು "ಪುಲ್!" ಎಂದು ಕೂಗಬೇಕು, ಬಿಲ್ಲೆ ಆಕಾಶಕ್ಕೆ ಹಾರುತ್ತದೆ. ಉಳಿದವರು ಕೂಗಿದರೆ ಬಿಲ್ಲೆ ಬಿಡುವವನಿಗೆ ಕೇಳಿಸುತ್ತದೆ. ನಾನು ಕೂಗಿದರೆ ಎರಡು ಹೊಲದಾಚೆ ಹಸುಗಳು ತಲೆ ಎತ್ತುತ್ತವೆ. ಕ್ಲಬ್ಬಿನ ಕಾರ್ಯದರ್ಶಿ ಪಾಡ್ರಿಗ್ ಎಂಬ ಸಜ್ಜನ ಹಳೆಯ ತೋಟಾ ಪ್ರೆಸ್ ಒಂದನ್ನು ಎಲ್ಲಿಂದಲೋ ತಂದಿದ್ದಾನೆ. ಪಂಚಾಂಕದ ನಾಟಕ ಅದು! ಗುಂಡು ಹಾರಿಸಿ ಬಿಸಾಡಿದ ಖಾಲಿ ಚಿಪ್ಪು ಒಂದನೆಯ ಅಂಕದಲ್ಲಿ ಪ್ರವೇಶಿಸುತ್ತದೆ. ಎರಡರಲ್ಲಿ ಕಿಡಿ ಹೊತ್ತಿಸುವ ಕೇಪು, ಮೂರರಲ್ಲಿ ಮದ್ದು, ನಾಲ್ಕರಲ್ಲಿ ಮದ್ದನ್ನು ಒತ್ತಿಡುವ ಬಿರಡೆ ಮತ್ತು ಸಣ್ಣ ಗುಂಡುಗಳ ಚರೆ, ಐದರಲ್ಲಿ ಬಾಯಿ ಮಡಚಿ ಮಂಗಳ. ಲಿವರ್ ಒಂದು ಸಲ ಎಳೆದರೆ ಐದೂ ಅಂಕಗಳು ಏಕಕಾಲಕ್ಕೆ ನಡೆಯುತ್ತವೆ. ಸತ್ತವನು ಹೊಸ ವೇಷ ಹಾಕಿ ಮತ್ತೆ ಬರುತ್ತಾನೆ. ಆದರೆ ನಮ್ಮ ಯಂತ್ರದಲ್ಲಿ ಚಿಪ್ಪುಗಳನ್ನು ಹೊತ್ತು ತಿರುಗುವ ತಟ್ಟೆ ನಾಲ್ಕನೆಯ ಅಂಕದಲ್ಲಿ ಕೂದಲೆಳೆಯಷ್ಟು ಮುಂಚೆಯೇ ನಿಂತುಬಿಡುತ್ತದೆ. ಚರೆಯೆಲ್ಲ ನೆಲಕ್ಕೆ, ಬಾಯಿ ಸೊಟ್ಟ.

ದುರಸ್ತಿ ಮಾಡಿಕೊಡುವಿರಾ?

ಆ ಮಧ್ಯಾಹ್ನ ರಂಗದ ಮೇಲೆ ನನ್ನ ಕೈಯಲ್ಲಿದ್ದ ಕೋವಿ ಯಾಕೆ ಸಿಡಿಯಲಿಲ್ಲ ಎಂದು ನಾನು ಕೇಳುವುದಿಲ್ಲ. ಈ ಕಾಗದ ಯಂತ್ರದ ವಿಷಯಕ್ಕೆ ಮಾತ್ರ.

ಇಂತಿ,
ಗುಲಾಮ್ ನಬಿ


ಡಗ್ಲಸ್, ಕಾರ್ಕ್
2 ನವೆಂಬರ್ 2024

ನಬಿ,

ಕಾಗದ ಸಿಕ್ಕಿತು. ನೀವು, ತಾವು ಅಂತ ಬರೆಯಬೇಡ. ಯಾರಿಗೆ ಬರೆದದ್ದೋ ಎಂದು ಹಿಂದೆ ತಿರುಗಿ ನೋಡಿದೆ.

ಯಂತ್ರ ಕಳಿಸು. ಖಾಲಿ ಯಂತ್ರ ಮಾತ್ರ. ಮದ್ದು, ಕೇಪು ಕ್ಲಬ್ಬಿನ ಬೀಗದೊಳಗೇ ಇರಲಿ. ನನ್ನ ಶೆಡ್ಡಿಗೆ ಅವು ಬರುವುದಿಲ್ಲ. ಕಬ್ಬಿಣ ಸರಿಮಾಡಲು ಅವು ಬೇಕಾಗಿಯೂ ಇಲ್ಲ.

ನೀನು ಅಂಕ ಅನ್ನುತ್ತೀಯ. ನಾನು ಮನೆ ಅನ್ನುತ್ತೇನೆ, ಚೌಕಾಬಾರದ ಹಾಗೆ. ತಟ್ಟೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಿ ಸರಿಯಾಗಿ ಕೂರಬೇಕು. ಕೂರದಿದ್ದರೆ ಎರಡೇ ಕಾರಣ. ಅಡಿಯಲ್ಲಿ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ತಳ್ಳುವ ಕೊಕ್ಕೆ ಸವೆದಿದೆ. ನೋಡಿದರೆ ಗೊತ್ತಾಗುತ್ತದೆ.

ಎರಡು ಮಾತು ಈಗಲೇ ಹೇಳಿಬಿಡುತ್ತೇನೆ, ಗೋಡೆಗೆ ಅಂಟಿಸಿಕೋ.

ಲಿವರ್ ಅರ್ಧದಲ್ಲಿ ನಿಂತರೆ, ಯಾರಾದರೂ ಕರೆದರೆ, ಫೋನ್ ಬಂದರೆ, ನೆನಪಿನ ಮೇಲೆ ಮುಂದುವರಿಯಬೇಡ. ಮದ್ದು ಬಿತ್ತೋ ಇಲ್ಲವೋ, ಒಂದು ಸಲವೋ ಎರಡು ಸಲವೋ, ನೆನಪು ಸುಳ್ಳು ಹೇಳುತ್ತದೆ. ಎಲ್ಲ ಮನೆ ಖಾಲಿ ಮಾಡಿ ಮೊದಲಿಂದ ಶುರು ಮಾಡು.

ಹೊಡೆದಾಗ ಸದ್ದು ಸಣ್ಣದಾಗಿ ಬಂದರೆ ಅಲ್ಲೇ ನಿಲ್ಲು. ಬಿರಡೆ ನಳಿಗೆಯೊಳಗೆ ಸಿಕ್ಕಿರುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ಕೋವಿ ನಿನ್ನ ಕೈಯಲ್ಲೇ ಒಡೆಯುತ್ತದೆ.

ನಮ್ಮವಳು ಜಯಶೀಲಾ ನಿನ್ನ ಕಾಗದ ಎರಡು ಸಲ ಓದಿದಳು. ಖತೀಜಾ ಹೇಗಿದ್ದಾರೆ ಎಂದು ಕೇಳುತ್ತಾಳೆ.

ಸತ್ಯಪ್ರಕಾಶ್


ಸಿಟಿವೆಸ್ಟ್
25 ನವೆಂಬರ್ 2024

ಸತ್ಯಪ್ರಕಾಶ್,

'ನೀನು' ಅನ್ನು ಎಂದು ಅಪ್ಪಣೆಯಾಯಿತು, ಅನ್ನುತ್ತಿದ್ದೇನೆ. ಅದರಿಂದ ರಾಜಿಯಾಯಿತು ಎಂದು ತಿಳಿಯಬೇಡ.

ಖತೀಜಾ ಚೆನ್ನಾಗಿದ್ದಾಳೆ. ನಿನ್ನ ಎರಡು ನಿಯಮಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಓದಿ, "ಅರ್ಧಕ್ಕೆ ನಿಂತ್ರೆ ಮೊದ್ಲಿಂದ ಶುರು ಮಾಡು ಅಂತ ನಿಮ್ಗೆ ಹೇಳಿದಾರಲ್ಲ, ಆ ಪುಣ್ಯಾತ್ಮನಿಗೆ ನಿಮ್ಮ ಕಥೆ ಹೇಳೋ ಚಟ ಮರೆತೋಗಿದೆ" ಅಂದಳು.

ಯಂತ್ರ ಹೊರಟಿದೆ. ಫರ್ಹಾ ಮುಂದಿನ ತಿಂಗಳ ಮೊದಲ ಶನಿವಾರ ನಿಖಿತಾಳ ಜೊತೆ ಕಾರ್ಕ್‌ಗೆ ಬರುತ್ತಾಳೆ. ತಟ್ಟೆ, ಲಿವರ್, ಮದ್ದು ಹಾಕುವ ಬಾಟಲಿ ಎಲ್ಲ ಬಿಚ್ಚಿ ಟ್ರಾಲಿ ಬ್ಯಾಗಿನಲ್ಲಿ ಇಟ್ಟಿದ್ದೇವೆ, ಸುತ್ತ ನನ್ನ ಹಳೆಯ ಸ್ವೆಟರ್‌ಗಳು. ಮೊನ್ನೆ ಲುವಾಸ್ ಟ್ರಾಮಿನಲ್ಲಿ ಅವಳು ಅದನ್ನು ನಿಖಿತಾಳ ಮನೆಗೆ ಒಯ್ಯುವಾಗ ಪಕ್ಕದ ಅಜ್ಜಿ, "ಏನಮ್ಮ ಇಷ್ಟು ಭಾರ?" ಎಂದು ಕೇಳಿದರಂತೆ. ನನ್ನ ಮಗಳು ಏನು ಹೇಳಿದಳು ಗೊತ್ತೇ? "ಅಪ್ಪನ ಚಕ್ಕುಲಿ ಒರಳು." ಚಕ್ಕುಲಿ ಎಂದರೆ ಏನು ಎಂದು ವಿವರಿಸುವಷ್ಟರಲ್ಲಿ ಇಳಿಯುವ ಸ್ಟಾಪ್ ಬಂತಂತೆ. ಅಜ್ಜಿ "ಗ್ರ್ಯಾಂಡ್" ಅಂದು ಕೈ ಬೀಸಿದರಂತೆ.

ನಿನ್ನೆ ಮಧ್ಯಾಹ್ನ ಇಲ್ಲಿ ಮಂಜು. ಕಿಟಕಿಯಾಚೆಯ ಹೊಸ ಮನೆಗಳ ಸಾಲು ಯಾರೋ ಬಟ್ಟೆಯ ಮೇಲೆ ಬರೆದು ಇಳಿಬಿಟ್ಟ ಪರದೆಯ ಹಾಗೆ ಅಲುಗಾಡುತ್ತಿತ್ತು. ಸೋಫಾದಲ್ಲಿ ಕಣ್ಣು ಮುಚ್ಚಿದೆ. ಆ ಯಂತ್ರದ ತಟ್ಟೆಯ ಮೇಲೆ ನಾನೇ ಕೂತಿದ್ದೆ, ಅಂದಿನ ನಾಟಕದ ನನ್ನ ಕೊತ್ವಾಲನ ಪಾತ್ರದ ಕೆಂಪು ಅಂಗಿ ತೊಟ್ಟುಕೊಂಡು. ಯಾರೋ ಲಿವರ್ ಎಳೆದರು. ಮೊದಲ ಮನೆಯಲ್ಲಿ ಜಾಲಹಳ್ಳಿಯ ಕಾರ್ಖಾನೆ ಗೇಟು, ನೀನು ಸೈಕಲ್ ಹಿಡಿದು ನಿಂತಿದ್ದೆ. ಎರಡನೆಯದರಲ್ಲಿ ಕ್ಯಾಂಟೀನು, ನೀನು ಒಂದು ಲೋಟ ಚಹಾವನ್ನು ಎರಡು ಮಾಡುತ್ತಿದ್ದೆ. ಮೂರರಲ್ಲಿ ಕಲಾವಿದರ ಸಂಘದ ಕೋಣೆ, ನೀನು ನನ್ನ ಮೀಸೆಗೆ ಗೋಂದು ಹಚ್ಚುತ್ತಿದ್ದೆ. ನಾಲ್ಕನೆಯ ಮನೆಗೆ ಬಂದೆ. ತಟ್ಟೆ ನಿಂತಿತು. ಕೆಳಗೆ ಚರೆ ಸುರಿಯುವ ಸದ್ದು, ಮೆಲ್ಲಗೆ, ತುಂಬಾ ಹೊತ್ತು. ಆ ಮನೆಯಲ್ಲಿ ಯಾರೂ ಇರಲಿಲ್ಲ.

ಎಚ್ಚರವಾದಾಗ ಅದು ಚರೆಯಲ್ಲ, ಖತೀಜಾ ಅಕ್ಕಿ ತೊಳೆಯುತ್ತಿದ್ದಳು.

ಯಂತ್ರ ಸರಿಯಾದರೆ ತಿಳಿಸು.

ಗುಲಾಮ್ ನಬಿ


ಡಗ್ಲಸ್
15 ಡಿಸೆಂಬರ್ 2024

ನಬಿ,

ಯಂತ್ರ ಬಿಚ್ಚಿದೆ. ಎರಡೂ ಕಾರಣ ಇದ್ದವು. ತಟ್ಟೆಯ ಅಡಿಯಲ್ಲಿ ಒಂದೇ ಒಂದು ಚರೆ ಚಪ್ಪಟೆಯಾಗಿ ಕೂತಿತ್ತು, ಸಾಸಿವೆ ಕಾಳಿನಷ್ಟು. ಅಷ್ಟು ದೊಡ್ಡ ಕಬ್ಬಿಣಕ್ಕೆ ಅದು ಸಾಕು. ಕೊಕ್ಕೆಯ ಮೂತಿಯೂ ಸವೆದಿತ್ತು. ಹೊಸದನ್ನು ಅರದಿಂದ ಉಜ್ಜಿ ಮಾಡಿದೆ, ನಾಲ್ಕು ದಿನ ಹಿಡಿಯಿತು. ಈಗ ತಟ್ಟೆ ಕೂರುವಾಗ 'ಟಕ್' ಎನ್ನುತ್ತದೆ. ಆ ಸದ್ದು ಕೇಳುತ್ತಾ ನಾನು ಶೆಡ್ಡಿನಲ್ಲಿ ಸುಮ್ಮನೆ ಲಿವರ್ ಎಳೆಯುತ್ತಿರುತ್ತೇನೆ. ಹೊರಗೆ ಮಳೆ. ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ.

ಮದ್ದಿನ ಅಳತೆಯ ಪಟ್ಟಿ ಹಿಂದೆ ಮುಂದೆ ಸರಿದಾಗ ಪ್ರತಿ ಸಲವೂ ಒಂದೇ ಸಮ ಬೀಳುತ್ತದೆಯೇ ನೋಡಬೇಕಲ್ಲ. ನಾನು ಅದಕ್ಕೆ ರವೆ ಹಾಕುತ್ತೇನೆ. ಚಿರೋಟಿ ರವೆ ಅಲ್ಲ, ಅದು ಅಂಟುತ್ತದೆ. ಬನ್ಸಿ ರವೆ. ಜಯಶೀಲಾ ಡಬ್ಬಿ ಹುಡುಕಿಕೊಂಡು ಶೆಡ್ಡಿಗೇ ಬಂದಳು. "ನಾಳೆ ಉಪ್ಪಿಟ್ಟಿಗೆ ಏನ್ ಹಾಕ್ಲಿ, ನಿಮ್ಮ ಚರೇನಾ?" ಅಂದಳು.

ಫರ್ಹಾ ಬಂದಿದ್ದಳು. ಧ್ವನಿ ನಿನ್ನದೇ. ಗೇಟಿನಲ್ಲಿ "ಅಂಕಲ್" ಅಂದದ್ದು ಹಿತ್ತಲಿಗೆ ಕೇಳಿಸಿತು. ಪ್ರಯಾಣದ ಆಯಾಸ ಇರಬೇಕು, ನಾನು ತಟ್ಟೆಯ ಪಿನ್ನು ಹೊಡೆಯುತ್ತಿರುವಾಗ ನೋಡುತ್ತಾ ನೋಡುತ್ತಾ ಕೆಲಸದ ಮೇಜಿನ ಮೇಲೇ ತಲೆಯಿಟ್ಟು ನಿದ್ದೆ ಹೋದಳು. ನಾನು ಸುತ್ತಿಗೆ ಕೆಳಗಿಟ್ಟೆ. ಒಂದೂಮುಕ್ಕಾಲು ಗಂಟೆ ಹಾಗೇ ಕೂತಿದ್ದೆ.

ನಿನಗೆ ಇನ್ನೊಂದು ವಿಷಯ ಬರೆಯಬೇಕು ಅಂದುಕೊಂಡಿದ್ದೆ. ಬೇಡ. ಕಾಗದ ಮುಗಿಯಿತು.

ಸತ್ಯಪ್ರಕಾಶ್


ಸಿಟಿವೆಸ್ಟ್
6 ಜನವರಿ 2025

ಸತ್ಯ,

ಕಾಗದ ಮುಗಿಯಲಿಲ್ಲ. ನಿನ್ನ ಹಾಳೆಯಲ್ಲಿ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಇತ್ತು. ಖತೀಜಾ ಕನ್ನಡಕ ಹಾಕಿಕೊಂಡು ಅಳೆದಳು.

ಇನ್ನು ನನ್ನಿಂದ ಆಗುವುದಿಲ್ಲ. ಕೇಳುವುದಿಲ್ಲ ಎಂದು ಹೇಳಿದ್ದೆ. ಕೇಳುತ್ತೇನೆ! ಬೆಳಕು ನನ್ನ ಮೇಲೆ ಬಿಡು!

1997, ಭಾನುವಾರ, ಮ್ಯಾಟಿನಿ. ಹೊರಗೆ ಸುಡುವ ಬಿಸಿಲು, ಒಳಗೆ ಆರುನೂರು ಜನ. ಮೊದಲ ಸಾಲಿನಲ್ಲಿ ಹುಬ್ಬಳ್ಳಿ ಕಡೆಯ ನಾಟಕ ಕಂಪನಿಯ ಮಾಲೀಕರು, ಬಿಳಿ ಧೋತರ, ಕೈಯಲ್ಲಿ ಬೀಸಣಿಗೆ. ನನ್ನನ್ನೇ ನೋಡಲು ಬಂದವರು. ಒಪ್ಪಿದರೆ ಮಾರನೆಯ ದಿನ ನಾನು ಕಾರ್ಖಾನೆಗೆ ರಾಜೀನಾಮೆ ಕೊಟ್ಟು ಅವರ ಜೊತೆ ಹೊರಡುವವನು. ಅದು ನಿನಗೆ ಗೊತ್ತಿತ್ತು. ನಿನಗೆ ಮಾತ್ರ ಗೊತ್ತಿತ್ತು.

ಕೊನೆಯ ದೃಶ್ಯ. ಕೊತ್ವಾಲನು ತಮ್ಮನ ಎದೆಗೆ ಕೋವಿ ಗುರಿಯಿಟ್ಟು, "ರಕ್ತ ಒಂದೇ ಆದರೂ ನೆಲ ಎರಡಾಯಿತು!" ಎಂದು ಗುಡುಗಿ ಟ್ರಿಗರ್ ಎಳೆದನು. ಟಿಕ್. ಅಷ್ಟೆ. ಮತ್ತೆ ಎಳೆದೆ. ಟಿಕ್. ನಮ್ಮ ಪದ್ಧತಿ ಏನು? ಕೋವಿ ಕೈಕೊಟ್ಟರೆ ಸೈಡ್ ವಿಂಗ್‌ನಲ್ಲಿರುವ ಹಲಗೆಗೆ ಒದ್ದು ನೀನು ಸದ್ದು ಮಾಡಬೇಕು. ಕಾದೆ. ಮೌನ. ತಮ್ಮನ ಪಾತ್ರಧಾರಿ ಸಾಯಲು ತಯಾರಾಗಿ ಒಂಟಿ ಕಾಲಿನಲ್ಲಿ ನಿಂತಿದ್ದಾನೆ. ಏನು ಮಾಡಲಿ? ಬಾಯಲ್ಲೇ ಕೂಗಿದೆ: "ಢಂ!"

ಆರುನೂರು ಜನ ನಕ್ಕರು. ಮಾಲೀಕರು ಬೀಸಣಿಗೆಯಿಂದ ಮುಖ ಮುಚ್ಚಿಕೊಂಡು ನಕ್ಕರು, ತೆರೆ ಬೀಳುವ ಮುಂಚೆ ಎದ್ದು ಹೋದರು.

ಅದನ್ನೆಲ್ಲ ನಾನು ಕ್ಷಮಿಸಿಯೇನು, ಸತ್ಯ. ಆರುನೂರು ನಗೆಗಳ ನಡುವೆ ಒಂದು ನಗೆ ಎಡಗಡೆಯ ವಿಂಗ್‌ನಿಂದ ಬಂತು. ಅದರ ಗುರುತು ನನಗಿದೆ. ಕ್ಯಾಂಟೀನಿನಲ್ಲಿ ಹತ್ತು ವರ್ಷ ಎದುರಿಗೆ ಕೂತು ಕೇಳಿದ ನಗೆ.

ಕೋವಿ ಯಾಕೆ ಸಿಡಿಯಲಿಲ್ಲ? ಹಲಗೆ ಯಾಕೆ ಒದೆಯಲಿಲ್ಲ? ನೀನು ಯಾಕೆ ನಕ್ಕೆ? ನಾನು ಹೋಗಿಬಿಡುತ್ತೇನೆ ಎಂಬ ಹೊಟ್ಟೆಕಿಚ್ಚೇ?

ಉತ್ತರ ಬೇಕು. ಇಲ್ಲವಾದರೆ ಯಂತ್ರ ಕಳಿಸಿ ಸುಮ್ಮನಿದ್ದುಬಿಡು.

ನಬಿ


ಡಗ್ಲಸ್
20 ಫೆಬ್ರವರಿ 2025

ನಬಿ,

ನಿಖಿತಾಳ ಕೈಯಲ್ಲಿ ಯಂತ್ರ ಕಳಿಸಿದ್ದೇನೆ. ಸರಿಯಾಗಿದೆ.

ಕ್ಲಬ್ಬಿನಲ್ಲಿ ಮದ್ದು ಹಾಕಿ ಶುರು ಮಾಡಿದಾಗ ಮೊದಲ ಹತ್ತು ತೋಟಾ ಎಸೆದುಬಿಡು. ಹೊಡೆಯಬೇಡ. ಪಾಡ್ರಿಗ್‌ಗೂ ಹೇಳು.

ನಿನ್ನ ಪ್ರಶ್ನೆಗೆ ಉತ್ತರ ನಾಲ್ಕು ಸಲ ಬರೆದೆ. ಹರಿದೆ.

ಸ


ಸಿಟಿವೆಸ್ಟ್
14 ಏಪ್ರಿಲ್ 2025

ಲೋ ಸತ್ಯ,

ಕೂತುಕೊಂಡು ಓದು. ಜಯಶೀಲಮ್ಮನನ್ನೂ ಕೂರಿಸು. ನನ್ನ ಹತ್ತು ಬೆರಳೂ ನೆಟ್ಟಗಿವೆ, ಕಣ್ಣೆರಡೂ ಇವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿನ್ನ ಚೀಟಿ ಬಂದಾಗ ನನಗೆ ಬಂದ ಕೋಪವನ್ನು ವರ್ಣಿಸಲು ಹಾರ್ಮೋನಿಯಂ ಬೇಕು. 'ಸ' ಅಂತೆ, 'ಸ'! ಹೆಸರಿನ ಉಳಿದ ಅಕ್ಷರಗಳು ಏನು ತಪ್ಪು ಮಾಡಿದ್ದವು? ಆ ಕೋಪದಲ್ಲೇ ಮಾರ್ಚ್ ತಿಂಗಳಲ್ಲಿ ಪಾಡ್ರಿಗ್ ಎದುರಿಗೆ ಯಂತ್ರ ಶುರು ಮಾಡಿದೆ. ಟಕ್, ಟಕ್, ಟಕ್! ಏನು ಸೊಗಸು! ಪಾಡ್ರಿಗ್ ಟೋಪಿ ತೆಗೆದ. ಹತ್ತು ತೋಟಾ ಬಿದ್ದವು. ಒಂಬತ್ತನ್ನು ನೀನು ಹೇಳಿದ ಹಾಗೆ ಎಸೆಯಲು ಅವನ ಡಬ್ಬಿಗೆ ಹಾಕಿದೆ. ಮೊದಲನೆಯದನ್ನು ಹಾಕಲಿಲ್ಲ.

ನನ್ನ ಕೈ ಹೇಗೆ ಬರುತ್ತದೆ ಹೇಳು? ಮೊದಲ ಗಂಟೆಯನ್ನು, ಮೊದಲ ಪ್ರವೇಶವನ್ನು ಎಸೆಯುವ ನಾಟಕದವನನ್ನು ನೀನು ಕಂಡಿದ್ದೀಯಾ? ರಂಗಪೂಜೆಯ ದಿನ ಹಚ್ಚಿದ ಮೊದಲ ಬಣ್ಣವನ್ನು ಒರೆಸದೆ ಊಟಕ್ಕೆ ಕೂರುತ್ತಿದ್ದವರು ನಾವು. ಅದನ್ನು ಜೇಬಿನಲ್ಲಿಟ್ಟುಕೊಂಡೆ. ಋತುವಿನ ಮೊದಲ ಬಿಲ್ಲೆಗೆ ಇದೇ ಎಂದು ಸಂಕಲ್ಪ ಮಾಡಿದೆ.

ನಿನ್ನೆ ಆ ದಿನ. ಹುಲ್ಲಿನ ಮೇಲೆ ಬಿಸಿಲು ಮತ್ತು ಮಂಜು ಒಟ್ಟಿಗೆ, ಯಾವುದೋ ಗಂಧರ್ವ ಲೋಕದ ಪರದೆಯ ಹಾಗೆ. ಕ್ಲಬ್ಬಿನವರೆಲ್ಲ ಹಿಂದೆ ಸಾಲಾಗಿ ನಿಂತಿದ್ದರು. ನನ್ನದು ಒಂಟಿ ನಳಿಗೆಯ ಹಳೆಯ ಕೋವಿ. ಜೇಬಿನ ತೋಟಾ ಹಾಕಿದೆ. "ಪುಲ್!" ಹಸುಗಳು ತಲೆ ಎತ್ತಿದವು. ಬಿಲ್ಲೆ ಹಾರಿತು. ಟ್ರಿಗರ್ ಎಳೆದೆ.

ಪುಸ್.

ಮುದುಕ ಕೆಮ್ಮಿದ ಹಾಗೆ. ಬಿಲ್ಲೆ ತನ್ನ ಪಾಡಿಗೆ ಹೋಗಿ ಹುಲ್ಲಿನಲ್ಲಿ ಮಲಗಿತು. ಹಿಂದಿನಿಂದ ನಗೆ.

ಸತ್ಯ, ಅದೇ ನಗೆ! ಇಪ್ಪತ್ತೇಳು ವರ್ಷ ಮಡಚಿಟ್ಟ ಬಟ್ಟೆ ಬಿಚ್ಚಿದ ಹಾಗೆ ಅದು ನನ್ನ ಮೇಲೆ ಬಿತ್ತು. ನನ್ನ ಕೈ ನನ್ನದಾಗಿ ಉಳಿಯಲಿಲ್ಲ. ಖಾಲಿ ಚಿಪ್ಪು ತೆಗೆದದ್ದು, ಎರಡನೆಯ ತೋಟಾ ಹಾಕಿದ್ದು, ಕೋವಿ ಮುಚ್ಚಿದ್ದು ಯಾವುದೂ ನನಗೆ ತಿಳಿಯಲಿಲ್ಲ. ಕೋವಿ ಕೈಕೊಟ್ಟರೆ ಮತ್ತೆ ಎಳೆ, ಆಟ ನಿಲ್ಲಬಾರದು, ನಗುವ ಜನರ ಬಾಯಿ ಮುಚ್ಚಿಸು. ರಂಗ ನನಗೆ ಕಲಿಸಿದ್ದು ಅಷ್ಟೇ. ಕೋವಿ ಭುಜಕ್ಕೆ ಬಂತು. ಬಾಯಿ ತೆರೆದೆ, "ಪುಲ್" ಅನ್ನಲು ಉಸಿರು ಎಳೆದೆ.

ಉಸಿರಿನ ಜೊತೆ ಒಂದು ವಾಸನೆ ಬಂತು.

ಹುರಿದ ರವೆ.

ಐರ್ಲೆಂಡಿನ ಹೊಲದ ನಡುವೆ, ಕೋವಿಯ ಬಾಯಿಂದ, ಉಪ್ಪಿಟ್ಟಿನ ವಾಸನೆ! ಸಾಸಿವೆ ಸಿಡಿಯುವುದೊಂದು ಬಾಕಿ. ನಾನು ಎಲ್ಲಿದ್ದೇನೆ ಎಂಬುದೇ ಒಂದು ಕ್ಷಣ ತಿಳಿಯಲಿಲ್ಲ. ಕ್ಯಾಂಟೀನೋ, ನಿನ್ನ ಶೆಡ್ಡೋ, ಹೊಲವೋ. ಆಮೇಲೆ ಅಡುಗೆಮನೆಯ ಗೋಡೆಯ ಮೇಲಿನ ನಿನ್ನ ಅಕ್ಷರ ಕಣ್ಣೆದುರು ಬಂತು. ಸದ್ದು ಸಣ್ಣದಾಗಿ ಬಂದರೆ ಅಲ್ಲೇ ನಿಲ್ಲು.

ನಿಂತೆ. ಜನ ನಗುತ್ತಲೇ ಇದ್ದರು. ಕೋವಿ ಇಳಿಸಿ, ಮಡಚಿ, ತೋಟಾ ಹೊರಗೆ ತೆಗೆದೆ. ಪಾಡ್ರಿಗ್ ಬಂದು ಹಿಂದಿನಿಂದ ನಳಿಗೆಯೊಳಗೆ ನೋಡಿದ. ಆಕಾಶ ಕಾಣಬೇಕಿತ್ತು. ಕತ್ತಲೆ ಕಂಡಿತು. ನಡುಮಧ್ಯದಲ್ಲಿ ಬಿರಡೆ ಗಟ್ಟಿಯಾಗಿ ಕೂತಿತ್ತು.

ಅವನ ಮುಖ ಸುಣ್ಣವಾಯಿತು. "ಮುಂದಿನದು ಹೊಡೆದಿದ್ದರೆ ನಬಿ, ನಿನ್ನ ಎಡಗೈಯನ್ನ ಹೊಲದಲ್ಲಿ ಹುಡುಕಬೇಕಾಗ್ತಿತ್ತು" ಅಂದ. ನಗೆ ನಿಂತಿತು. ಒಬ್ಬ ಚಹಾ ತಂದುಕೊಟ್ಟ. ಲೋಟ ಹಿಡಿಯುವಷ್ಟರಲ್ಲಿ ಅರ್ಧ ಹುಲ್ಲಿಗೆ ಚೆಲ್ಲಿತು.

ತಪ್ಪು ನನ್ನದು, ಹತ್ತು ಎಂದರೆ ಹತ್ತು. ಅದನ್ನು ಹೇಳಲು ಈ ಕಾಗದವಲ್ಲ. ಚೆಲ್ಲಿದ ಚಹಾ ನೋಡುತ್ತಾ ನಿಂತಿದ್ದಾಗ ಒಂದು ಯೋಚನೆ ಬಂತು, ಅಂದಿನಿಂದ ಇಂದಿನವರೆಗೂ ಬಾರದ ಯೋಚನೆ. ಆ ಮ್ಯಾಟಿನಿಯ ಕೋವಿಯೂ ಹೀಗೇ ಏನಾದರೂ... ನೀನೇ ಏನಾದರೂ...

ನಾನು ಈಗ ಗುಡುಗುತ್ತಿಲ್ಲ. ಮೆಲ್ಲಗೆ ಕೇಳುತ್ತಿದ್ದೇನೆ. ನನಗೆ ಮೆಲ್ಲಗೆ ಕೇಳಲು ಬರುತ್ತದೆ ಎಂದು ಖತೀಜಾಳಿಗೇ ಆಶ್ಚರ್ಯ.

ನಿನ್ನ
ನಬಿ


ಡಗ್ಲಸ್
11 ಮೇ 2025

ನಬಿ,

ನಿನ್ನ ಕಾಗದ ಓದಿ ಎರಡು ದಿನ ಶೆಡ್ಡಿಗೆ ಹೋಗಲಿಲ್ಲ.

ಮೊದಲು ರವೆಯ ವಿಷಯ. ತಪ್ಪು ನಿನ್ನದು ಮಾತ್ರ ಅಲ್ಲ. ಬಾಟಲಿ ಖಾಲಿ ಮಾಡಿದ ಮೇಲೂ ಅಳತೆಯ ಪಟ್ಟಿಯ ಗುಂಡಿಯಲ್ಲಿ ಒಂದು ತುತ್ತು ರವೆ ಉಳಿಯುತ್ತದೆ, ಮೊದಲ ತೋಟಾಕ್ಕೆ ಮದ್ದಿನ ಬದಲು ಬೀಳುವುದು ಅದೇ. ಇನ್ನೊಂದು ಸಲ ಲಿವರ್ ಎಳೆದು ಅದನ್ನು ಬೀಳಿಸಬೇಕು. ನಾನು ಎಳೆಯುತ್ತಿದ್ದೆ. ಆಗ ಪೋಸ್ಟ್‌ಮನ್ ನಿನ್ನ ಜನವರಿಯ ಕಾಗದ ತಂದ. ಲಿವರ್ ಅರ್ಧದಲ್ಲಿತ್ತು. ಕಾಗದ ಓದಿದೆ. ವಾಪಸ್ ಬಂದಾಗ ಎಳೆದೆನೋ ಇಲ್ಲವೋ ನೆನಪಿರಲಿಲ್ಲ. ಎಳೆದಿದ್ದೇನೆ ಅಂದುಕೊಂಡೆ. ನಿನಗೆ ಬರೆದುಕೊಟ್ಟ ನಿಯಮವನ್ನು ನಾನೇ ಮುರಿದೆ. ಅನುಮಾನ ಮಾತ್ರ ಹೋಗಲಿಲ್ಲ, ಅದಕ್ಕೇ ಹತ್ತು ಎಸೆ ಎಂದೆ. ಯಾಕೆ ಎಸೆಯಬೇಕು ಎಂದು ಬರೆಯಲಿಲ್ಲ. ಬರೆದಿದ್ದರೆ ನೀನು ಎಸೆಯುತ್ತಿದ್ದೆ. ಯಾಕೆ ಎಂಬುದನ್ನು ಹೇಳದೇ ಇರುವುದು ನನ್ನ ಹಳೆಯ ರೋಗ.

ಈಗ ಆ ಮ್ಯಾಟಿನಿ.

ನಾನು ಕೋವಿಗೆ ಮದ್ದು ತುಂಬುತ್ತಿದ್ದೆ. ನೀನು ಬಣ್ಣ ಹಚ್ಚಿಕೊಂಡು ಬಂದೆ. "ಮಾಲೀಕರು ಬಂದಿದಾರೆ ಕಣೋ, ಸತ್ಯ, ಒಂದ್ಸಲ ಕೇಳ್ಬಿಡು" ಎಂದು ಕೊನೆಯ ದೃಶ್ಯದ ಮಾತು ಪೂರ್ತಿ ಹೇಳಿದೆ. ಚೆನ್ನಾಗಿ ಹೇಳಿದೆ. ನಾನು ಕೈ ನಿಲ್ಲಿಸಿ ಕೇಳಿದೆ. ನೀನು ಹೋದ ಮೇಲೆ ಕೋವಿ ನೋಡಿದರೆ, ಮದ್ದು ಹಾಕಿದ್ದೇನೋ ಇಲ್ಲವೋ ಗೊತ್ತಾಗಲಿಲ್ಲ. ಹಾಕಿಲ್ಲ ಅಂದುಕೊಂಡು ಹಾಕಿದೆ, ಮೇಲೆ ಕಾಗದದ ಉಂಡೆ ತುರುಕಿ ಬಡಿದೆ. ಆಮೇಲೆ ಮದ್ದು ಬಡಿಯುವ ಗಜದ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ ನೋಡಿದರೆ ತಳ ಬಹಳ ಮೇಲೆ ತಾಕಿತು. ಎರಡು ಸಲ ಬಿದ್ದಿತ್ತು ಅನಿಸಿತು, ಹಾಗಿದ್ದು ಸಿಡಿದರೆ ಕೋವಿ ನಿನ್ನ ಕೈಯಲ್ಲೇ ಒಡೆಯುತ್ತಿತ್ತು. ಖಚಿತವಿಲ್ಲ. ಬಿಚ್ಚಿ ತೆಗೆಯಲು ಸಮಯವಿಲ್ಲ, ಗಂಟೆ ಹೊಡೆಯಿತು. ಕೇಪು ತೆಗೆದು ಜೇಬಿಗೆ ಹಾಕಿಕೊಂಡು ಕೋವಿ ನಿನ್ನ ಕೈಗೆ ಕೊಟ್ಟೆ. ಸಿಡಿಯದಿದ್ದರೆ ಸಿಡಿಯದಿರಲಿ, ಹಲಗೆ ಇದೆಯಲ್ಲ ಅಂದುಕೊಂಡೆ.

ವಿಂಗ್‌ಗೆ ಓಡಿದೆ. ಹಲಗೆಯ ಮೇಲೆ ಫರ್ಹಾ ಮಲಗಿದ್ದಳು.

ನಾಲ್ಕು ವರ್ಷದ ಮಗು. ಖತೀಜಾ ಅವರ ದುಪಟ್ಟಾ ಹೊದ್ದುಕೊಂಡು, ಕೆನ್ನೆ ಹಲಗೆಗೆ ಒತ್ತಿ, ಬೆವತುಕೊಂಡು, ಗಾಢ ನಿದ್ದೆ. ಹಲಗೆ ಒದ್ದರೆ ಅವಳ ಕಿವಿಯಲ್ಲೇ ಸಿಡಿಲು. ಎತ್ತಿ ಪಕ್ಕಕ್ಕೆ ಮಲಗಿಸಲು ಬಗ್ಗಿದೆ. ನನ್ನ ಕೈ ಅವಳ ತಲೆಯ ಕೆಳಗೆ ಹೋಗುವಷ್ಟರಲ್ಲಿ ನಿನ್ನ ಎರಡನೆಯ ಟಿಕ್ ಕೇಳಿಸಿತು. ಎತ್ತಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಆಗ ನೀನು "ಢಂ" ಅಂದೆ.

ಆ ಸದ್ದಿಗೆ ಮಗು ಕಣ್ಣು ತೆರೆಯಲಿಲ್ಲ. ಬೆಚ್ಚಲಿಲ್ಲ. ನಿದ್ದೆಯಲ್ಲೇ ನಗುತ್ತಾ, "ಅಬ್ಬಾ ಬಂದ್ರು" ಅಂದು ನನ್ನ ಅಂಗೈ ಮೇಲೆ ಮಗ್ಗುಲು ಬದಲಿಸಿದಳು.

ಅದಕ್ಕೆ ನಕ್ಕೆ, ನಬಿ. ಜೋರಾಗಿಯೇ ನಕ್ಕೆ. ಆರುನೂರು ಜನ ಯಾಕೆ ನಕ್ಕರೋ ನನಗೆ ಆಗ ಕೇಳಿಸಲೂ ಇಲ್ಲ.

ಆಮೇಲೆ ನಿನ್ನ ಮುಖ ನೋಡಿದೆ. ಹೇಳಲು ಬಂದೆ, ನೀನು ಬಾಗಿಲು ಹಾಕಿಕೊಂಡೆ. ಮರುದಿನ ಹೇಳಬಹುದಿತ್ತು. ಲೆಕ್ಕ ತಪ್ಪಿದ್ದು ನನ್ನದು ಅಂತ ಹೇಳಬೇಕಾಗುತ್ತಿತ್ತು. ತೆರೆಮರೆಯವನಿಗೆ ಇರುವ ಮರ್ಯಾದೆ ಅದೊಂದೇ. ಮಗುವಿನ ನೆಪ ಹೇಳಿದ ಅನ್ನುತ್ತೀಯೇನೋ ಎಂಬ ಭಯವೂ ಇತ್ತು. ದಿನಗಳು ಸೇರಿ ವರ್ಷವಾಯಿತು.

ಹೊಟ್ಟೆಕಿಚ್ಚು ಇತ್ತೇ ಎಂದು ಕೇಳಿದ್ದೀಯ. ನೀನು ಹೋಗುತ್ತೀಯ ಎಂದು ದುಃಖ ಇತ್ತು. ಕೇಪು ತೆಗೆಯುವಾಗ ಅದು ನೆನಪಿಗೆ ಬರಲಿಲ್ಲ. ಇಷ್ಟು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಸತ್ಯ


ಸಿಟಿವೆಸ್ಟ್
2 ಜೂನ್ 2025

ಲೋ ಸತ್ಯ,

ಮೂರು ವಾರ ಬರೆಯಲಿಲ್ಲ. ನನಗೆ ಮಾತು ಸಿಗದ ಮೂರು ವಾರಗಳು! ಖತೀಜಾ ಡಾಕ್ಟರಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವವರೆಗೆ ಹೋಗಿದ್ದಳು.

ನಿನ್ನ ಕಾಗದವನ್ನು ಫರ್ಹಾಗೆ ಓದಿ ಹೇಳಿದೆ. ಅವಳಿಗೆ ನಾಟಕ ನೆನಪಿಲ್ಲ, ಹಲಗೆ ನೆನಪಿಲ್ಲ, ನಗೆ ನೆನಪಿಲ್ಲ. "ಅಬ್ಬಾ, ಒಂದು ಕೈ ನೆನಪಿದೆ. ಮೆಷಿನ್ ಆಯಿಲ್ ವಾಸನೆ. ನಿಮ್ಮದು ಅಂದ್ಕೊಂಡಿದ್ದೆ" ಅಂದಳು. ಡಿಸೆಂಬರ್‌ನಲ್ಲಿ ನಿನ್ನ ಶೆಡ್ಡಿಗೆ ಕಾಲಿಟ್ಟ ಕೂಡಲೇ ಅವಳಿಗೆ ಯಾಕೋ ನಿದ್ದೆ ಬಂತಂತೆ.

ಆ ಮಾಲೀಕರ ಜೊತೆ ಹೋಗಿದ್ದರೆ ನಾನು ಏನಾಗುತ್ತಿದ್ದೆನೋ, ಇಷ್ಟು ವರ್ಷ ಅದರ ಕನಸು ಕಂಡೆ. ಈಗ ಸೋಫಾದಲ್ಲಿ ಕಣ್ಣು ಮುಚ್ಚಿದರೆ ಬೇರೆಯೇ ಬರುತ್ತದೆ. ಬಿಸಿಲಿನ ಮಧ್ಯಾಹ್ನ, ಪರದೆಯ ಹಿಂದೆ ನೀನು ಬಗ್ಗಿ ನಿಂತಿದ್ದೀಯ, ಒಂದು ಜೇಬಿನಲ್ಲಿ ಕೇಪು, ಅಂಗೈಯಲ್ಲಿ ನನ್ನ ಮಗಳ ತಲೆ. ನನ್ನ ಎರಡು ಕೈಗಳು, ಅವಳ ನಿದ್ದೆ, ಎರಡನ್ನೂ ನೀನು ಒಂದೇ ಮ್ಯಾಟಿನಿಯಲ್ಲಿ ಉಳಿಸಿದೆ. ನಾನು ಮಾತ್ರ ಸದ್ದು ಬರಲಿಲ್ಲ ಎಂದು ಜಗಳಕ್ಕೆ ಬಂದೆ.

ತಟ್ಟೆ ಈಗ ಮುಂದಿನ ಮನೆಗೆ ಸರಿಯಿತು. ಟಕ್ ಅಂದದ್ದು ನನಗೆ ಕೇಳಿಸಿತು.

ಶನಿವಾರ ಬೆಳಗಿನ ರೈಲಿಗೆ ಖತೀಜಾ, ಫರ್ಹಾ, ನಾನು ಹೊರಡುತ್ತೇವೆ. ಜಯಶೀಲಮ್ಮನಿಗೆ ಹೇಳು, ಎರಡು ಪ್ಯಾಕೆಟ್ ಬನ್ಸಿ ರವೆ ತರುತ್ತಿದ್ದೇನೆ, ಒಂದನ್ನು ನಿನ್ನ ಕೈಗೆ ಸಿಗದ ಹಾಗೆ ಇಡಲಿ.

ನೀನು ಕಾರ್ಕ್ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮಿನ ಎಡಗಡೆ ನಿಂತಿರು. ರೈಲು ಇಳಿದ ಕೂಡಲೇ ಊರೆಲ್ಲ ಕೇಳುವ ಹಾಗೆ ನಾನು "ಢಂ!" ಎಂದು ಕೂಗುತ್ತೇನೆ. ಜನ ತಿರುಗಿ ನೋಡುತ್ತಾರೆ, ನೋಡಲಿ.

ನೀನು ನಗು.

ನಿನ್ನ ಕೊತ್ವಾಲ,
ನಬಿ